ಹಡಗಿನ ಕಣ್ಣಿಗೆ ಹಾಯಿದೋಣಿ ಬೀಳಬೇಕಾದರೆ...

ಮಳೆಗಾಲ ಮುಗಿದು ಕಡಲು ಶಾಂತವಾಯಿತೆಂದರೆ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಎದುರು ಪುಟ್ಟ ಪುಟ್ಟ ಹಾಯಿದೋಣಿಗಳು ಕಾಣಿಸಿಕೊಳ್ಳತೊಡಗುತ್ತವೆ. ರವಿವಾರ ಮಕ್ಕಳು ಮರಿಗಳೊಂದಿಗೆ ಅಲ್ಲಿಗೆ ಹೋದವರಿಗೆ ಗಾಳಿ ತುಂಬಿದ ಬಿಳಿ ಹಾಯಿ, ಅದರಾಚೆ ಲಂಗರು ಹಾಕಿ ನಿಂತ ದೊಡ್ಡ ಹಡಗು, ಎರಡೂ ನೋಡಲು ಚೆಂದ. ದಡದಲ್ಲಿ ನಿಂತವರಿಗೆ ಎರಡೂ ಸರಿಯಾಗಿಯೇ ಕಾಣುತ್ತವೆ. ಆದರೆ ಆ ದೊಡ್ಡ ಹಡಗಿನಲ್ಲಿರುವವರಿಗೆ ಈ ಪುಟ್ಟ ದೋಣಿ ಕಾಣುತ್ತದೆಯೇ? ಹಗಲು ಹೊತ್ತಿನಲ್ಲೇ ಇದು ಸಂಶಯದ ಮಾತು. ರಾತ್ರಿ, ಮಂಜು, ಮಳೆ, ಎತ್ತರದ ಅಲೆ ಎಂದಾದರೆ ಹೇಳುವುದೇ ಬೇಡ.

ಮುಂಬಯಿಯ ತುಳು-ಕನ್ನಡಿಗರಿಗೆ ಕಡಲು ಹೊಸದಲ್ಲ. ಮಂಗಳೂರಿನ ಹೆಂಚು ಹೊತ್ತ ಮಂಜಿಗಳು ಹಾಯಿ ಬಿಚ್ಚಿ ಉತ್ತರಕ್ಕೆ ಬರುತ್ತಿದ್ದ ಕಾಲದ ನೆನಪು ಹಿರಿಯರಲ್ಲಿ ಇನ್ನೂ ಇದೆ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಎಷ್ಟೋ ಮನೆಗಳ ಮಕ್ಕಳು ಇಂದು ವಾಣಿಜ್ಯ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ಅದೇ ಊರುಗಳ ಬಂಧುಗಳು ಮೀನುಗಾರಿಕೆಗೆ ಬೋಟು ಇಳಿಸುತ್ತಿದ್ದಾರೆ. ಅಂದರೆ ಹಡಗಿನ ಮೇಲೆ ಕಾವಲು ನಿಂತವನೂ ಊರಿನವನೇ, ಕೆಳಗೆ ಅಲೆಗಳ ನಡುವೆ ಇರುವವನೂ ಊರಿನವನೇ ಆಗಿರಬಹುದು. ಹೀಗಾಗಿ ಸಣ್ಣ ದೋಣಿಯೊಂದು ಹಡಗಿನ ಕಣ್ಣಿಗೆ ಬೀಳುವುದು ಹೇಗೆ ಎಂಬ ವಿಚಾರ ಹವ್ಯಾಸಿ ನಾವಿಕರಿಗೆ ಮಾತ್ರ ಸೀಮಿತವಾದುದಲ್ಲ.

ಮೂವರ ಸಾವು ಕಲಿಸಿದ ಪಾಠ

ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದ ಘಟನೆ ನಡೆದದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, 2006ರ ಆಗಸ್ಟ್‌ನಲ್ಲಿ. ಸುಮಾರು 25 ಅಡಿ ಉದ್ದದ 'ಊಝೊ' ಎಂಬ ಹಾಯಿದೋಣಿಯಲ್ಲಿ ಮೂವರು ಗೆಳೆಯರು ಐಲ್ ಆಫ್ ವೈಟ್ ದ್ವೀಪದಿಂದ ಡಾರ್ಟ್‌ಮೌತ್ ಊರಿನ ದೋಣಿ ಉತ್ಸವಕ್ಕೆಂದು ಸಂಜೆ ಹೊರಟಿದ್ದರು. ಅವರು ತಲುಪಲೇ ಇಲ್ಲ. ಮುಂದಿನ ದಿನಗಳಲ್ಲಿ ಮೂವರ ಶವಗಳೂ ಸಮುದ್ರದಲ್ಲಿ ಸಿಕ್ಕಿದವು. ಮೂವರೂ ಲೈಫ್ ಜಾಕೆಟ್ ಧರಿಸಿದ್ದರು. ದೋಣಿ ಮಾತ್ರ ಸಿಗಲಿಲ್ಲ.

ಬ್ರಿಟನ್ನಿನ ನೌಕಾ ಅಪಘಾತ ತನಿಖಾ ಶಾಖೆ ವಿಚಾರಣೆ ನಡೆಸಿ 2007ರಲ್ಲಿ ವರದಿ ಕೊಟ್ಟಿತು. ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ ಸ್ಪೇನ್ ಕಡೆಗೆ ಹೊರಟಿದ್ದ 'ಪ್ರೈಡ್ ಆಫ್ ಬಿಲ್ಬಾವೊ' ಎಂಬ ಭಾರೀ ಪ್ರಯಾಣಿಕರ ಹಡಗು ಈ ದೋಣಿಗೆ ತಾಗಿರಬೇಕು, ಇಲ್ಲವೇ ತೀರ ಹತ್ತಿರ ಹಾದುಹೋದಾಗ ಎದ್ದ ಅಲೆಗೆ ದೋಣಿ ಮುಳುಗಿರಬೇಕು ಎಂಬುದು ವರದಿಯ ನಿರ್ಣಯ. ದೋಣಿ ಹಡಗಿನ ರಾಡಾರ್‌ನಲ್ಲಿ ಗೋಚರಿಸಿರಲಿಲ್ಲ. ಅದರ ದೀಪ ಕಾವಲುಗಾರನಿಗೆ ಕಂಡದ್ದು ತೀರ ಸಮೀಪಕ್ಕೆ ಬಂದ ಮೇಲೆ. ಅಧಿಕಾರಿ ತುರ್ತಾಗಿ ಹಡಗು ತಿರುಗಿಸಿದರು. ಹಿಂದೆ ಬೆಳಕು ಕಂಡದ್ದರಿಂದ ದೋಣಿ ಪಾರಾಯಿತೆಂದು ಭಾವಿಸಿ ಮುಂದೆ ಸಾಗಿದರು. ನೀರಿಗೆ ಬಿದ್ದವರು ಕೆಲವು ಗಂಟೆಗಳ ಕಾಲ ಜೀವಂತ ಇದ್ದರು ಎಂಬುದು ಆ ವರದಿಯ ಅತ್ಯಂತ ನೋವಿನ ಮಾತು. ಅವರು ನೀರಿನಲ್ಲಿದ್ದಾರೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಅಧಿಕಾರಿಯ ಮೇಲೆ ಮೊಕದ್ದಮೆ ನಡೆದು ಅವರು ನಿರ್ದೋಷಿ ಎಂದು ಬಿಡುಗಡೆಯಾದರು.

ಹಡಗಿನ ಕಡೆಯ ಕೊರತೆಗಳನ್ನೂ ವರದಿ ಎತ್ತಿ ತೋರಿಸಿತು. ಕಾವಲುಗಾರನ ಕನ್ನಡಕ ಬಿಸಿಲಿಗೆ ಕಪ್ಪಾಗುವ ಜಾತಿಯದು. ಅಂತಹ ಗಾಜು ಕತ್ತಲಲ್ಲಿಯೂ ಒಂದಿಷ್ಟು ಬೆಳಕನ್ನು ತಡೆಯುತ್ತದೆ. ಬೆಳಕಿನ ಕೋಣೆಯಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸಮಯವೂ ಬೇಕು. ಹೀಗೆ ಸಣ್ಣ ಸಣ್ಣ ಕಾರಣಗಳು ಕೂಡಿಕೊಂಡು ಮೂರು ಜೀವಗಳು ಹೋದವು.

ಮೂರೇ ನಿಮಿಷದ ಲೆಕ್ಕ

ಇಲ್ಲಿ ಒಂದು ಸರಳ ಲೆಕ್ಕ ಹಾಕಿ ನೋಡಬಹುದು. ಸಮುದ್ರದ ಒಂದು ನಾಟಿಕಲ್ ಮೈಲು ಎಂದರೆ 1,852 ಮೀಟರ್. ಗಂಟೆಗೆ 20 ನಾಟಿಕಲ್ ಮೈಲು ಓಡುವ ಹಡಗು ಒಂದು ಮೈಲನ್ನು ಮೂರೇ ನಿಮಿಷದಲ್ಲಿ ದಾಟುತ್ತದೆ. 12 ಮೀಟರ್‌ಗಿಂತ ಚಿಕ್ಕ ದೋಣಿಯ ಕೆಂಪು, ಹಸಿರು ದೀಪಗಳು ಕನಿಷ್ಠ ಒಂದು ಮೈಲು ದೂರಕ್ಕೆ ಕಂಡರೆ ಸಾಕು ಎನ್ನುತ್ತದೆ ಅಂತಾರಾಷ್ಟ್ರೀಯ ನಿಯಮ. ಅಂದರೆ ದೀಪ ಸರಿಯಾಗಿಯೇ ಉರಿಯುತ್ತಿದ್ದರೂ ಹಡಗಿನವನಿಗೆ ಅದನ್ನು ನೋಡಿ, ಅರ್ಥಮಾಡಿಕೊಂಡು, ಹಡಗು ತಿರುಗಿಸಲು ಸಿಗುವುದು ಮೂರು ನಿಮಿಷ ಮಾತ್ರ. ಸಾವಿರಾರು ಟನ್ ಭಾರದ ಹಡಗು ಬಸ್ಸಿನಂತೆ ಬ್ರೇಕ್ ಹಾಕಿದಲ್ಲಿ ನಿಲ್ಲುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. ಕಂಟೇನರುಗಳನ್ನು ಎತ್ತರಕ್ಕೆ ಪೇರಿಸಿದ ಹಡಗಿನ ಬ್ರಿಜ್‌ನಲ್ಲಿ ನಿಂತವರಿಗೆ ಹಡಗಿನ ಮೂತಿಯ ಮುಂದಿನ ಸ್ವಲ್ಪ ನೀರು ಕಾಣುವುದೇ ಇಲ್ಲ. ಹೀಗೆ ಮರೆಯಾಗುವ ಜಾಗ ಹಡಗಿನ ಉದ್ದದ ಎರಡು ಪಟ್ಟು ಅಥವಾ 500 ಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು ಎಂಬ ನಿಯಮವಿದೆ. ಅಂದರೆ 500 ಮೀಟರ್‌ವರೆಗೆ ಕಾಣದಿದ್ದರೂ ಅದು ನಿಯಮಬದ್ಧವೇ! 20 ಮೈಲು ವೇಗದ ಹಡಗಿಗೆ ಈ 500 ಮೀಟರ್ ದಾಟಲು 50 ಸೆಕೆಂಡೂ ಬೇಡ. ಆ ಜಾಗದೊಳಗೆ ಹೊಕ್ಕ ದೋಣಿಯನ್ನು ದೇವರೇ ಕಾಯಬೇಕು.

ಆದ್ದರಿಂದ ಸಣ್ಣ ದೋಣಿ ದೂರದಲ್ಲಿರುವಾಗಲೇ ಹಡಗಿಗೆ ಗೊತ್ತಾಗಬೇಕು. ಕಾಣಿಸಿಕೊಳ್ಳುವ ಹೊಣೆ ಬಹುಪಾಲು ದೋಣಿಯವನದ್ದೇ ಎಂಬುದು ಅನುಭವಿ ನಾವಿಕರ ಅಭಿಮತ.

ದೀಪವಿದ್ದರೆ ಸಾಲದು, ಎತ್ತರದಲ್ಲಿರಬೇಕು

ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ, ಇದು ಹಾಯಿಯಲ್ಲಿ ಸಾಗುವ ದೋಣಿಯ ರಾತ್ರಿಯ ಗುರುತು. 1972ರ ಅಂತಾರಾಷ್ಟ್ರೀಯ ಘರ್ಷಣೆ ತಡೆ ನಿಯಮಾವಳಿ ಇದನ್ನು ಗೊತ್ತುಪಡಿಸಿದೆ. ಭಾರತವೂ ಇದಕ್ಕೆ ಬದ್ಧ. ಸಣ್ಣ ದೋಣಿಯಲ್ಲಿ ಈ ದೀಪಗಳನ್ನು ಮೂತಿಯ ಹತ್ತಿರ ತಗ್ಗಿನಲ್ಲಿ ಕೂರಿಸುವುದುಂಟು. ಗಾಳಿಗೆ ದೋಣಿ ಒಂದು ಬದಿಗೆ ವಾಲಿದಾಗ ದೀಪ ಅಲೆಯ ಮರೆಗೆ ಹೋಗುತ್ತದೆ, ಕೆಲವೊಮ್ಮೆ ಹಾಯಿಯೇ ಅದನ್ನು ಮುಚ್ಚುತ್ತದೆ.

ಇದಕ್ಕೆ ಪರಿಹಾರ, ಮೂರೂ ಬಣ್ಣ ಒಂದೇ ಲಾಂದ್ರದಲ್ಲಿರುವ ದೀಪವನ್ನು ಹಾಯಿಕಂಬದ ತುದಿಯಲ್ಲಿ ಹಾಕುವುದು. 20 ಮೀಟರ್‌ಗಿಂತ ಚಿಕ್ಕ ಹಾಯಿದೋಣಿಗಳಿಗೆ ನಿಯಮವೇ ಇದಕ್ಕೆ ಅನುಮತಿ ಕೊಟ್ಟಿದೆ. ಎತ್ತರದಲ್ಲಿರುವುದರಿಂದ ಅಲೆಗಳ ಮೇಲಿಂದ ದೂರಕ್ಕೆ ಕಾಣುತ್ತದೆ. ಆದರೆ ಎಂಜಿನ್ ಚಾಲೂ ಮಾಡಿ ಓಡಿಸುವಾಗ ಈ ದೀಪವನ್ನು ಆರಿಸಿ ಯಂತ್ರದೋಣಿಯ ದೀಪಗಳನ್ನು ಹಚ್ಚಬೇಕು. ಕೆಳಗಿನದೂ ಮೇಲಿನದೂ ಒಟ್ಟಿಗೆ ಉರಿಸಿದರೆ ನೋಡುವವನಿಗೆ ಗೊಂದಲ. ಹೆಚ್ಚು ದೀಪ ಹಚ್ಚಿದರೆ ಹೆಚ್ಚು ಸುರಕ್ಷೆ ಎಂದು ತಿಳಿದು ಬಹಳ ಮಂದಿ ಮಾಡುವ ತಪ್ಪು ಇದೇ.

ಬ್ಯಾಟರಿ ಉಳಿಸಲು ದೀಪ ಆರಿಸಿ ಸಾಗುವ ಚಾಳಿ ಹಿಂದೆ ಇತ್ತು. ಹಳೆಯ 25 ವ್ಯಾಟ್ ಬಲ್ಬ್ 12 ವೋಲ್ಟಿನ ಬ್ಯಾಟರಿಯಿಂದ ಹತ್ತು ಗಂಟೆಯಲ್ಲಿ ಸುಮಾರು 21 ಆಂಪಿಯರ್-ಅವರ್ ಕಬಳಿಸುತ್ತದೆ. ಮೂರು ವ್ಯಾಟ್‌ನ ಎಲ್‌ಇಡಿ ದೀಪಕ್ಕೆ ಎರಡೂವರೆ ಸಾಕು. ಹೀಗಿರುವಾಗ ದೀಪ ಆರಿಸಲು ಈಗ ಯಾವ ನೆಪವೂ ಉಳಿದಿಲ್ಲ. ಆದರೆ ಹಳೆಯ ಲಾಂದ್ರಕ್ಕೆ ಸಿಕ್ಕಿದ ಎಲ್‌ಇಡಿ ಬಲ್ಬ್ ತುರುಕಿದರೆ ಬಣ್ಣ ಮತ್ತು ಬೆಳಕಿನ ಕೋನ ಕೆಡಬಹುದು. ಅನುಮೋದನೆ ಪಡೆದ ಪೂರ್ತಿ ಲಾಂದ್ರವನ್ನೇ ಕೊಳ್ಳುವುದು ಲೇಸು.

ರಾಡಾರ್‌ಗೆ ಕಾಣದ ಫೈಬರ್

ದೊಡ್ಡ ಹಡಗುಗಳಲ್ಲಿ ರಾಡಾರ್ ಇದೆಯಲ್ಲ, ಇನ್ನೇನು ಭಯ ಎನ್ನುವವರಿದ್ದಾರೆ. ರಾಡಾರ್ ರೇಡಿಯೋ ಅಲೆಗಳನ್ನು ಕಳಿಸಿ, ವಸ್ತುವಿಗೆ ತಾಗಿ ಹಿಂದೆ ಬಂದದ್ದನ್ನು ಪರದೆಯಲ್ಲಿ ಚುಕ್ಕಿಯಾಗಿ ತೋರಿಸುತ್ತದೆ. ಉಕ್ಕಿನ ಹಡಗು ಚೆನ್ನಾಗಿ ಹಿಂದಿರುಗಿಸುತ್ತದೆ. ಮರ ಮತ್ತು ಫೈಬರ್ ಗ್ಲಾಸ್‌ನಿಂದ ಹಿಂದೆ ಬರುವುದು ಅಲ್ಪ. ಹಾಯಿಯ ಬಟ್ಟೆಯಂತೂ ಲೆಕ್ಕಕ್ಕೇ ಇಲ್ಲ. ದುಂಡಗಿನ ಅಲ್ಯುಮಿನಿಯಂ ಕಂಬ ಅಲೆಗಳನ್ನು ಅತ್ತಿತ್ತ ಚದುರಿಸಿಬಿಡುತ್ತದೆ. ಇದರ ಮೇಲೆ ಕಡಲು ಎದ್ದಾಗ ನೀರಿನ ಅಲೆಗಳೇ ಪರದೆಯ ತುಂಬ ಚುಕ್ಕಿಗಳಾಗುತ್ತವೆ. ಅವನ್ನು ಅಳಿಸಲು ಅಧಿಕಾರಿ ಗುಂಡಿ ತಿರುಗಿಸಿದರೆ ಅದರೊಂದಿಗೆ ಸಣ್ಣ ದೋಣಿಯ ಚುಕ್ಕಿಯೂ ಅಳಿಸಿಹೋಗಬಹುದು. ಕಳೆ ಕೀಳುವಾಗ ಸಸಿಯೂ ಕಿತ್ತುಬಂದಂತೆ.

ಇದಕ್ಕೆಂದೇ ರಾಡಾರ್ ಪ್ರತಿಫಲಕಗಳಿವೆ. ಲೋಹದ ತಗಡುಗಳನ್ನು ಒಂದಕ್ಕೊಂದು ನೇರ ಲಂಬವಾಗಿ ಜೋಡಿಸಿದ ಸಾಧನ ಇದು. ಇಂತಹ ಮೂಲೆಯೊಳಗೆ ಹೊಕ್ಕ ಅಲೆ ಬಂದ ದಾರಿಯಲ್ಲೇ ವಾಪಸಾಗುತ್ತದೆ. ಎಂಟು ಮೂಲೆಗಳ ಮಾದರಿಯನ್ನು ತೂಗುಹಾಕುವುದರಲ್ಲೂ ಒಂದು ಕ್ರಮವಿದೆ. ಒಂದು ಗುಳಿ ನೇರ ಮೇಲ್ಮುಖವಾಗಿ, ಮಳೆ ಬಂದರೆ ನೀರು ನಿಲ್ಲುವಂತೆ ಇರಬೇಕು. ಚೂಪು ತುದಿ ಮೇಲೆ ಮಾಡಿ ಕಟ್ಟಿದರೆ ಫಲ ಬಹಳ ಕಡಿಮೆ. ಗಾತ್ರವೂ ಮುಖ್ಯ. ಅಂಚಿನ ಅಳತೆ ಎರಡು ಪಟ್ಟಾದರೆ ಪ್ರತಿಫಲನ ಹದಿನಾರು ಪಟ್ಟಾಗುತ್ತದೆ. ಆದ್ದರಿಂದ ಇದರಲ್ಲಿ ಜಿಪುಣತನ ಸಲ್ಲದು. ದೋಣಿಗೆ ಹೊಂದುವಷ್ಟು ದೊಡ್ಡದನ್ನು, ಸಾಧ್ಯವಾದಷ್ಟು ಎತ್ತರದಲ್ಲಿ ಕಟ್ಟಬೇಕು.

'ಊಝೊ' ದುರಂತದ ಬಳಿಕ ಬ್ರಿಟನ್ನಿನಲ್ಲಿ ಮಾರುಕಟ್ಟೆಯ ಪ್ರತಿಫಲಕಗಳನ್ನೆಲ್ಲ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ಅಗ್ಗವೆಂದು ಬಹಳ ಮಂದಿ ಕಟ್ಟಿಕೊಂಡಿದ್ದ ಸಪೂರ ಕೊಳವೆಯ ಮಾದರಿ ಉಪಯೋಗಕ್ಕೆ ಬಾರದ್ದೆಂದು ಕಂಡುಬಂತು. ದೋಣಿ ವಾಲಿದಾಗ ಹಲವು ಮಾದರಿಗಳ ಶಕ್ತಿ ಕುಗ್ಗುತ್ತದೆಂಬುದೂ ತಿಳಿಯಿತು. ವಿದ್ಯುತ್ತಿನಿಂದ ನಡೆಯುವ, ಹಡಗಿನ ರಾಡಾರ್ ಅಲೆ ತಾಗಿದೊಡನೆ ಅದನ್ನು ಬಲಪಡಿಸಿ ತಿರುಗಿ ಕಳಿಸುವ ಸಾಧನ ಎಲ್ಲಕ್ಕಿಂತ ಮೇಲೆನಿಸಿತು. ಆದರೆ ಇದಕ್ಕೂ ಮಿತಿ ಇದೆ. ಹಡಗುಗಳಲ್ಲಿ ಎರಡು ಬಗೆಯ ರಾಡಾರ್‌ಗಳಿರುತ್ತವೆ, ಮೂರು ಸೆಂಟಿಮೀಟರ್ ಅಲೆಯದು ಮತ್ತು ಹತ್ತು ಸೆಂಟಿಮೀಟರ್ ಅಲೆಯದು. ಜೋರು ಮಳೆಯಲ್ಲಿ ಹಡಗಿನವರು ಎರಡನೆಯದನ್ನು ನೆಚ್ಚುತ್ತಾರೆ. ಮೊದಲನೆಯದಕ್ಕಷ್ಟೇ ಉತ್ತರಿಸುವ ಸಾಧನ ಆಗ ಮೂಕ. ಎರಡಕ್ಕೂ ಉತ್ತರಿಸುವ ಮಾದರಿಗಳೂ ಲಭ್ಯ ಇವೆ.

ಹೆಸರು ಹೇಳಿ ಕರೆಯುವ ಎಐಎಸ್

ಎಐಎಸ್ ಎಂದು ಕರೆಯಲ್ಪಡುವ ಸ್ವಯಂ ಗುರುತಿನ ವ್ಯವಸ್ಥೆ ಈ ಕ್ಷೇತ್ರದಲ್ಲಾದ ದೊಡ್ಡ ಬದಲಾವಣೆ. ಅಂತಾರಾಷ್ಟ್ರೀಯ ಯಾನದ 300 ಟನ್ನು ಮತ್ತು ಮೇಲ್ಪಟ್ಟ ಹಡಗುಗಳಿಗೆ 2004ರ ಅಂತ್ಯದೊಳಗೆ ಇದು ಕಡ್ಡಾಯವಾಯಿತು. ಹಡಗಿನ ಹೆಸರು, ಇರುವ ಸ್ಥಳ, ವೇಗ, ದಿಕ್ಕು ಇವುಗಳನ್ನು ಯಂತ್ರ ತಾನಾಗಿಯೇ ರೇಡಿಯೋ ಮೂಲಕ ಸಾರುತ್ತಿರುತ್ತದೆ. ಸುತ್ತಲಿನ ಹಡಗುಗಳ ಪರದೆಯಲ್ಲಿ ಅದು ಮೂಡುತ್ತದೆ. ಫೈಬರ್ ದೋಣಿಯೆಂಬ ಭೇದ ಇದಕ್ಕಿಲ್ಲ.

ಸಣ್ಣ ದೋಣಿಗಳಿಗೆಂದು 'ಬಿ' ವರ್ಗದ ಯಂತ್ರವಿದೆ. ದೊಡ್ಡ ಹಡಗಿನ ಯಂತ್ರದ ಶಕ್ತಿ 12.5 ವ್ಯಾಟ್, ಇದರ ಸಾಮಾನ್ಯ ಮಾದರಿಯದು 2 ವ್ಯಾಟ್. ಹಡಗಿನದು ಓಡುವಾಗ ಕೆಲವೇ ಸೆಕೆಂಡಿಗೊಮ್ಮೆ ಸಾರಿದರೆ ಇದು 30 ಸೆಕೆಂಡಿಗೊಮ್ಮೆ. ಆದರೂ ಆಂಟೆನಾ ಕಂಬದ ತುದಿಯಲ್ಲಿದ್ದರೆ ಕೆಲವು ಮೈಲು ದೂರದ ಹಡಗಿಗೆ ದೋಣಿ ಇರುವುದು ತಿಳಿಯಲು ಇಷ್ಟು ಸಾಕು. ಇನ್ನೊಂದು ಲಾಭವೆಂದರೆ ಬರುತ್ತಿರುವ ಹಡಗಿನ ಹೆಸರು ದೋಣಿಯವನಿಗೂ ತಿಳಿಯುತ್ತದೆ. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ 'ಎದುರಿನ ಹಡಗೇ' ಎಂದು ಕೂಗುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ವ್ಯತ್ಯಾಸವಿದೆ. ಹೆಸರು ಕೇಳಿದವನು ಕಿವಿಗೊಡುತ್ತಾನೆ.

ಹಾಗೆಂದು ಇದನ್ನೇ ನಂಬಿ ಕೂರುವಂತಿಲ್ಲ. ಕಿಕ್ಕಿರಿದ ಬಂದರಿನ ಸಮೀಪ ಪರದೆ ತುಂಬಿಹೋದಾಗ 'ಬಿ' ವರ್ಗದ ಗುರುತುಗಳನ್ನು ಮರೆಮಾಡಿಟ್ಟುಕೊಳ್ಳುವ ಅವಕಾಶ ಹಡಗಿನವರಿಗಿರುತ್ತದೆ. ಬ್ಯಾಟರಿ ಹೋದರೆ ಯಂತ್ರವೂ ಹೋಯಿತು. ಹಣವನ್ನೆಲ್ಲ ಒಂದೇ ಕಡೆ ಇಡಬಾರದೆಂಬ ಬುದ್ಧಿಮಾತು ಇಲ್ಲಿಯೂ ಸಲ್ಲುತ್ತದೆ. ದೀಪ, ಪ್ರತಿಫಲಕ, ಎಐಎಸ್ ಮೂರೂ ಬೇಕು. ಒಂದು ಕೈಕೊಟ್ಟಾಗ ಇನ್ನೊಂದು ಹಿಡಿಯಬೇಕು.

ಬಿಳಿ ಹಾಯಿಯ ಮೋಸ

ಹಗಲಿನಲ್ಲಿ ಬಣ್ಣದ ಪ್ರಶ್ನೆ ಬರುತ್ತದೆ. ಬಿಳಿ ದೋಣಿ, ಬಿಳಿ ಹಾಯಿ ಚಿತ್ರಕ್ಕೆ ಸೊಗಸು. ಆದರೆ ಗಾಳಿ ಎದ್ದು ಅಲೆಗಳ ತಲೆಯೆಲ್ಲ ನೊರೆಯಾದಾಗ ಬಿಳಿಯಲ್ಲಿ ಬಿಳಿ ಕರಗಿಹೋಗುತ್ತದೆ. ಅದಕ್ಕಾಗಿಯೇ ಬಿರುಗಾಳಿಯಲ್ಲಿ ಏರಿಸುವ ಸಣ್ಣ ಹಾಯಿಗಳನ್ನು ಕಣ್ಣು ಕುಕ್ಕುವ ಕಿತ್ತಳೆ, ಹಳದಿ ಅಥವಾ ಗುಲಾಬಿ ಬಣ್ಣದಲ್ಲಿ ಮಾಡುತ್ತಾರೆ. ಹಾಯಿಯ ಮೇಲ್ತುದಿಗೆ ಇಂತಹ ಬಣ್ಣದ ಬಟ್ಟೆ ಹೊಲಿಸಿದರೂ ಉಪಕಾರವೇ.

ರಾತ್ರಿ ಹಡಗು ಹತ್ತಿರವಾದಾಗ ಪ್ರಖರ ಟಾರ್ಚಿನಿಂದ ಸ್ವಂತ ಹಾಯಿಯ ಮೇಲೆ ಬೆಳಕು ಬಿಡುವುದು ಹಳೆಯ, ಖರ್ಚಿಲ್ಲದ ಉಪಾಯ. ಇಡೀ ಹಾಯಿ ಬೆಳಗಿ ದೂರಕ್ಕೆ ಕಾಣುತ್ತದೆ. ಏಳು ಮೀಟರ್‌ಗಿಂತ ಚಿಕ್ಕ ಹಾಯಿದೋಣಿಗೆ ಬೇರೆ ದೀಪ ಹಾಕಲು ಆಗದಿದ್ದರೆ ಬಿಳಿ ಬೆಳಕಿನ ಟಾರ್ಚನ್ನಾದರೂ ಕೈಯಳತೆಯಲ್ಲಿ ಸಿದ್ಧವಾಗಿ ಇಟ್ಟುಕೊಳ್ಳಬೇಕೆಂದು ನಿಯಮವೇ ಹೇಳುತ್ತದೆ. ಘರ್ಷಣೆಯ ಅಪಾಯ ಸಾರಲು ಬಿಳಿ ಕೈಪಂಜುಗಳೂ ಇವೆ. ಕೆಂಪು ಪಂಜು ಪ್ರಾಣಾಪಾಯದ ಸಂಕೇತವಾದ್ದರಿಂದ ಎರಡನ್ನೂ ಬೇರೆ ಬೇರೆ ಇಡತಕ್ಕದ್ದು. ಮಿಣಮಿಣ ಮಿಂಚುವ ಸ್ಟ್ರೋಬ್ ದೀಪವನ್ನು ರಾತ್ರಿಯಿಡೀ ಹಚ್ಚಿಡುವುದು ತಪ್ಪು. ಹಡಗಿನವರು ಅದನ್ನು ಬೇರೇನೋ ಎಂದು ತಿಳಿಯುವ ಸಾಧ್ಯತೆ ಇದೆ.

ಹಕ್ಕಿಗಿಂತ ಜೀವ ದೊಡ್ಡದು

ತೆರೆದ ಸಮುದ್ರದಲ್ಲಿ ಯಂತ್ರದ ಹಡಗು ಸಾಮಾನ್ಯವಾಗಿ ಹಾಯಿದೋಣಿಗೆ ದಾರಿ ಬಿಡಬೇಕೆಂಬುದು ನಿಯಮ. ಆದರೆ ಹಡಗು ದೋಣಿಯನ್ನು ಕಂಡಿದ್ದರೆ ತಾನೆ ದಾರಿ ಬಿಡುವುದು? ಅಲ್ಲದೆ ಇಕ್ಕಟ್ಟಾದ ಬಂದರು ಕಾಲುವೆಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಬಿಟ್ಟರೆ ಬೇರೆಡೆ ಸಾಗಲಾರದ ದೊಡ್ಡ ಹಡಗಿಗೆ ಹಾಯಿದೋಣಿ ಅಡ್ಡ ಬರಬಾರದು.

ಹಾಗಾಗಿ ಕಾಣಿಸಿಕೊಳ್ಳುವುದರೊಂದಿಗೆ ಕಾಣುವುದೂ ದೋಣಿಯವನ ಕೆಲಸ. ಹಡಗೊಂದು ಒಂದೇ ದಿಕ್ಕಿನಲ್ಲಿ ನಿಂತಂತೆ ಕಂಡು ದೊಡ್ಡದಾಗುತ್ತಾ ಬಂದರೆ ಅದು ಘರ್ಷಣೆಯ ದಾರಿ. ರಾತ್ರಿ ಅದರ ಕೆಂಪು ಮತ್ತು ಹಸಿರು ಎರಡೂ ಒಟ್ಟಿಗೆ ಕಂಡು, ಮೇಲಿನ ಎರಡು ಬಿಳಿ ದೀಪಗಳು ಒಂದರ ಮೇಲೊಂದು ಬಂದರೆ ಹಡಗು ನೇರ ನಮ್ಮತ್ತಲೇ ಬರುತ್ತಿದೆ ಎಂದರ್ಥ. ಆಗ ಹಕ್ಕಿನ ಮಾತು ಬದಿಗಿಟ್ಟು ಬೇಗನೆ, ಹಡಗಿನವನಿಗೆ ಸ್ಪಷ್ಟವಾಗಿ ತಿಳಿಯುವಂತೆ ದಿಕ್ಕು ಬದಲಿಸಬೇಕು.

ಒಂಟಿಯಾಗಿ ಸಾಗುವವರ ಕಷ್ಟ ಇನ್ನೂ ಹೆಚ್ಚಿನದು. 2009-10ರಲ್ಲಿ ದಿಲೀಪ್ ದೊಂಡೆ, 2012-13ರಲ್ಲಿ ಎಲ್ಲಿಯೂ ನಿಲ್ಲದೆ ಅಭಿಲಾಷ್ ಟಾಮಿ, ಇಬ್ಬರೂ ಮುಂಬಯಿಯಿಂದಲೇ ಹೊರಟು 'ಮಹಾದೇಯಿ' ಹಾಯಿನೌಕೆಯಲ್ಲಿ ಒಬ್ಬೊಬ್ಬರೇ ಜಗತ್ತನ್ನು ಸುತ್ತಿಬಂದರು. ಗೋವಾದಲ್ಲಿ ಕಟ್ಟಿದ ಆ ನೌಕೆ ಹೊತ್ತಿರುವುದು ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನು ಎಂಬುದು ಕನ್ನಡಿಗರಿಗೆ ಹೆಮ್ಮೆ. ಒಂಟಿ ನಾವಿಕನಿಗೂ ನಿದ್ರೆ ಬೇಕಲ್ಲ? ಏಳು ಮೈಲು ಆಚೆಯ ಹಡಗು 20 ಮೈಲು ವೇಗದಲ್ಲಿ ಬಂದರೆ 21 ನಿಮಿಷದಲ್ಲಿ ತಲೆಯ ಮೇಲಿರುತ್ತದೆ. ಆದ್ದರಿಂದ ಒಂಟಿ ನಾವಿಕರಲ್ಲಿ 20 ನಿಮಿಷದ ಕೋಳಿನಿದ್ದೆಯ ಲೆಕ್ಕ ಪ್ರಚಲಿತದಲ್ಲಿದೆ. ಉಳಿದದ್ದನ್ನು ಎಚ್ಚರಿಕೆ ಗಂಟೆಯುಳ್ಳ ಯಂತ್ರಗಳು ಕಾಯಬೇಕು.

ಊರ ಕಡಲಿಗೂ ಅನ್ವಯ

ಇದು ದೂರದೇಶದ ಕತೆಯೆಂದು ತಳ್ಳಿಹಾಕುವಂತಿಲ್ಲ. 2021ರ ಎಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದಾಚೆ ಆಳಸಮುದ್ರದಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ ಮೀನುಗಾರಿಕೆ ಬೋಟಿಗೂ ಸಿಂಗಾಪುರ ಧ್ವಜದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಮಂದಿ. ಜೀವಸಹಿತ ಸಿಕ್ಕಿದವರು ಇಬ್ಬರೇ. ಹಾಯಿಯದ್ದಾಗಲಿ, ಎಂಜಿನ್ನಿನದ್ದಾಗಲಿ, ಹಡಗಿನ ಎದುರು ಸಣ್ಣ ದೋಣಿಯ ಪಾಡು ಒಂದೇ.

2024ರ ಆಗಸ್ಟ್ 30ರಂದು ಮುಂಬಯಿಗೆ ಸಮೀಪದ ಪಾಲ್ಘರ್‌ನಲ್ಲಿ ಪ್ರಧಾನಮಂತ್ರಿಗಳು ಮೀನುಗಾರಿಕೆ ಬೋಟುಗಳಿಗೆ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ಅಳವಡಿಸುವ ರಾಷ್ಟ್ರೀಯ ಯೋಜನೆಗೆ ಚಾಲನೆ ಕೊಟ್ಟರು. 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಂದು ಲಕ್ಷ ಬೋಟುಗಳು, ಸುಮಾರು 360 ಕೋಟಿ ರೂ. ವೆಚ್ಚ. ಇಸ್ರೋ ಅಭಿವೃದ್ಧಿಪಡಿಸಿದ ಈ ಸಾಧನದಿಂದ ಬೋಟಿನವರು ದಡಕ್ಕೆ ಸಂದೇಶ ಕಳಿಸಬಹುದು, ದಡದಿಂದ ಪಡೆಯಲೂಬಹುದು. ಇದು ಸ್ವಾಗತಾರ್ಹ. ಆದರೆ ದಡದೊಂದಿಗೆ ಮಾತಾಡುವುದು ಒಂದು, ಎದುರಿನ ಹಡಗಿಗೆ ಕಾಣಿಸಿಕೊಳ್ಳುವುದು ಇನ್ನೊಂದು. ಹೊಸ ಯಂತ್ರ ಬಂತೆಂದು ಕಂಬದ ದೀಪವನ್ನು ಕಡೆಗಣಿಸಬಾರದು.

ಊರಲ್ಲಿ ಬೋಟು ಇರುವ ಬಂಧುಗಳಿಗೆ ಈ ಮಾತನ್ನು ಒಮ್ಮೆ ಫೋನಿನಲ್ಲಾದರೂ ತಿಳಿಸುವುದು ಒಳ್ಳೆಯದು. ಬೋಟಿನ ದೀಪ ಉರಿಯುತ್ತಿದೆಯೇ, ಎತ್ತರದಲ್ಲಿದೆಯೇ, ಪ್ರತಿಫಲಕ ಕಟ್ಟಿದೆಯೇ ಎಂದು ವಿಚಾರಿಸಲು ಖರ್ಚೇನೂ ಇಲ್ಲ. ಹಡಗಿನಲ್ಲಿ ದುಡಿಯುವ ಮಕ್ಕಳಿಗೂ ಒಂದು ಮಾತು ಹೇಳಬೇಕು. ರಾತ್ರಿ ಪಾಳಿಯಲ್ಲಿ ಪರದೆಯನ್ನಷ್ಟೇ ನೋಡದೆ ಕಿಟಕಿಯಾಚೆಗೂ ಕಣ್ಣು ಹಾಯಿಸಲಿ. ದೂರದಲ್ಲಿ ಮಿಣುಕಿ ಮರೆಯಾದ ಬೆಳಕಿನ ಕೆಳಗೆ ಯಾರದೋ ಮನೆಯ ಮಗ ಇರುತ್ತಾನೆ.